ಐದನೆಯ ಗಾಜು

"ದೊಡ್ಡಮ್ಮ, ಈ ಗಾಜನ್ನ ದಿನಾ ಒರೆಸ್ತಿದ್ರಾ?"

ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ ಕನ್ನಡಿಯಕ್ಕ ಗೋಡೆಯಿಂದ ಮುಖ ತಿರುಗಿಸದೆ ಕೇಳಿದಳು. ಅವಳ ಒಂದು ಕಣ್ಣಿಗೆ ಭೂತಗನ್ನಡಿ ಅಂಟಿಕೊಂಡಿತ್ತು, ಇನ್ನೊಂದು ಕಣ್ಣು ಮುಚ್ಚಿತ್ತು.

"ಒರೆಸದೆ ಬಿಡೋಕಾಗುತ್ತೇನೆ? ಅಡುಗೆಮನೆ ಗೋಡೆ ಅದು. ಎಣ್ಣೆ ಕಾದರೆ ಸಾಕು, ಜಿಡ್ಡು ಹಾರಿ ಕೂತ್ಕೊಳ್ಳುತ್ತೆ," ಎಂದರು ದೊಡ್ಡಮ್ಮ. "ಆದರೆ ಒಡೆದ ಮೇಲೆ ಮುಟ್ಟಿಲ್ಲಮ್ಮ. ಬೆರಳೂ ತಾಗಿಸಬೇಡಿ ಅಂದಿದ್ದಾರೆ ಆ ನೆಲ ಪರೀಕ್ಷಕರು."

"ಒಡೆಯೋಕೆ ಮುಂಚೆ?"

"ಬೆಳಿಗ್ಗೆ ಒಂದ್ಸಲ, ಪಾತ್ರೆ ತೊಳೆದಾದ ಮೇಲೆ ಒಂದ್ಸಲ. ಯಾಕೆ, ತಪ್ಪಾ?"

ಕೊನೆಯ ಮಾತಿನಲ್ಲಿ ಸಣ್ಣ ನಡುಕವಿತ್ತು. ಕನ್ನಡಿಯಕ್ಕ ಅದನ್ನು ಕಿವಿಯಲ್ಲೇ ಎತ್ತಿಟ್ಟುಕೊಂಡಳು.

ಗೋಡೆಯ ಮೇಲಿದ್ದದ್ದು ಬೆರಳಗಲದ, ಗೇಣುದ್ದದ ಒಂದು ಗಾಜಿನ ಪಟ್ಟಿ. ಗೋಡೆಯಲ್ಲಿದ್ದ ಕೂದಲೆಳೆಯಂಥ ಬಿರುಕಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಬಿಳಿ ಪ್ಲಾಸ್ಟರ್ ಮೆತ್ತಿ ಕೂರಿಸಿದ್ದರು. ಲೆಕ್ಕ ಬಲು ಸರಳ. ಬಿರುಕು ಹಿಗ್ಗಿದರೆ ಗಾಜು ತಾಳುವುದಿಲ್ಲ, ಒಡೆಯುತ್ತದೆ. ಗಾಜು ಒಡೆದರೆ ನೆಲ ಜಾರುತ್ತಿದೆ ಎಂದರ್ಥ.

ಈ ಗಾಜು ಒಡೆದು ನಾಲ್ಕು ದಿನವಾಗಿತ್ತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪರೀಕ್ಷಕರು ಬಣ್ಣದ ಡಬ್ಬಿ ಹಿಡಿದು ಬಂದು ಬಾಗಿಲಿಗೆ ಕೆಂಪು ಗುರುತು ಹಾಕಲಿದ್ದರು. ಆಮೇಲೆ ಹತ್ತು ದಿನದಲ್ಲಿ ದೊಡ್ಡಮ್ಮ ಮತ್ತು ಅವರ ಮಗಳು ಈ ಮನೆ ಬಿಟ್ಟು ಹೊರಡಬೇಕು. ಅದಕ್ಕೇ ದೊಡ್ಡಮ್ಮ ಕನ್ನಡಿಯಕ್ಕನನ್ನು ಕರೆಸಿದ್ದರು.

ಕನ್ನಡಿಯಕ್ಕನಿಗೆ ಪೇಟೆಯಲ್ಲಿ ಕನ್ನಡಿ, ಫೋಟೊ ಫ್ರೇಮಿನ ಅಂಗಡಿಯಿತ್ತು. ಗಾಜು ಕೊಯ್ಯುವುದು ಅವಳ ಕಸುಬು. ಜನ ಮುಚ್ಚಿಟ್ಟದ್ದನ್ನು ಹುಡುಕುವುದು ಯಾವಾಗಲೋ ಅಂಟಿಕೊಂಡ ಗೀಳು. ಎರಡಕ್ಕೂ ಬೇಕಾದದ್ದು ಒಂದೇ ಗುಣ, ಅವಸರ ಪಡದೆ ಅಂಚನ್ನು ನೋಡುವುದು.

ಅವಳು ಈಗ ನೋಡುತ್ತಿದ್ದದ್ದೂ ಅಂಚನ್ನೇ. ಹೊಸದಾಗಿ ಒಡೆದ ಗಾಜಿನ ಅಂಚು ಫಳಫಳ ಎನ್ನುತ್ತದೆ. ಇದು ಮಂಕಾಗಿತ್ತು. ಒಡಕಿನೊಳಗೆ ಬಿಳಿ ಹುಡಿ ತುಂಬಿಕೊಂಡಿತ್ತು. ಅವಳು ಸೂಜಿಯ ಮೊನೆಯಿಂದ ಒಂದಿಷ್ಟನ್ನು ಕೆದಕಿ ಕರಿ ಕಾಗದದ ಮೇಲೆ ಉದುರಿಸಿದಳು. ಬೆರಳಲ್ಲಿ ಹೊಸಕಿದಳು. ಪ್ಲಾಸ್ಟರಾಗಿದ್ದರೆ ಹಿಟ್ಟಿನಂತೆ ಜಾರಬೇಕಿತ್ತು. ಇದು ಕರಕರ ಎಂದಿತು.

ಕಲ್ಲಿನ ಹುಡಿ.

ದಿನಕ್ಕೆರಡು ಸಲ ಒರೆಸುವ ಅಡುಗೆಮನೆಯಲ್ಲಿ, ನಾಲ್ಕೇ ದಿನದ ಒಡಕಿನೊಳಗೆ ಇಷ್ಟು ಕಲ್ಲಿನ ಹುಡಿ ಎಲ್ಲಿಂದ ಬಂತು?

ಧಪ್!

ನೆಲ ಒಮ್ಮೆ ಮಿಡಿಯಿತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ದೂರದಲ್ಲಿ ನೂರು ಜನ ಹೋ ಎಂದು ಕೂಗಿದರು.

"ಒಂದು ಗಂಟೆ," ಎಂದರು ದೊಡ್ಡಮ್ಮ, ಗಡಿಯಾರ ನೋಡದೆಯೇ. "ಕುಣಿಸಿದ ನೋಡು ಆ ಮೈಕಿನವನು. ನನ್ನ ಲೋಟ ಒಂದೂ ಸೆಟ್ಟಾಗಿ ಉಳಿದಿಲ್ಲ ಅವನ ದೆಸೆಯಿಂದ."

* * *

ದೊಡ್ಡಮ್ಮನ ಹಿತ್ತಲಿನಾಚೆ, ಕಲ್ಲೆಸೆತದ ದೂರದಲ್ಲಿ ಒಂದು ದೊಡ್ಡ ಗುಂಡಿಯಿತ್ತು. ಯಾವ ಕಾಲದಲ್ಲೋ ನೆಲದಡಿಯ ಸುಣ್ಣಗಲ್ಲು ಕರಗಿ, ಮೇಲಿನ ನೆಲ ಕುಸಿದು ಆದ ಬಾಯಿ. ಕಡಿದಾದ ಗೋಡೆ, ತಳದಲ್ಲಿ ಸಿಹಿನೀರು. ಮೋಡವಿದ್ದ ದಿನವೂ ಆ ನೀರು ನೀಲಿಯೇ. ಬೀದಿಯವರ ಬಾಯಲ್ಲಿ ಅದು ಬರೀ 'ಗುಂಡಿ'. ಟಿಕೆಟ್ಟಿನ ಮೇಲೆ ಮಾತ್ರ 'ನೀಲಿ ಕಣ್ಣು'.

ಎಂಟು ವರ್ಷದ ಹಿಂದೆ ಟಿಕೆಟ್ ಶುರುವಾದಾಗ ಬೀದಿಯ ಮನೆಗಳೆಲ್ಲ ಎರಡು ಜಾತಿಯಾಗಿ ಹೋದವು: ಗುಂಡಿ ಕಾಣುವ ಮನೆ, ಗುಂಡಿ ಕಾಣದ ಮನೆ. ಕಾಣುವ ಮನೆಗೆ ಮೂರು ಪಟ್ಟು ಬೆಲೆ. ಒಬ್ಬ ಮಹಾನುಭಾವ ಬಚ್ಚಲಿನ ಕಿಟಕಿಯಿಂದ ಮಾತ್ರ ನೀರು ಕಾಣುತ್ತದೆಂದು ಬಚ್ಚಲಿಗೇ ಮಂಚ ಹಾಕಿ ಬಾಡಿಗೆಗೆ ಕೊಟ್ಟಿದ್ದ. ದೊಡ್ಡಮ್ಮನ ಮನೆಯ ಎರಡು ಹಿತ್ತಲ ಕೋಣೆಗಳೂ ಹಾಗೆ ಬಾಡಿಗೆಗೆ ಹೋಗುತ್ತಿದ್ದವು. ಅವರ ಬದುಕು ನಡೆಯುತ್ತಿದ್ದದ್ದೇ ಅದರಿಂದ.

ಹೋದ ವರ್ಷ ಬೀದಿಯ ತುದಿಯಲ್ಲಿದ್ದ ಇಸ್ತ್ರಿಯವರ ಶೆಡ್ಡು ನಿಂತಲ್ಲೇ ಜಾರಿ ಗುಂಡಿಗೆ ಬಿತ್ತು. ಇಸ್ತ್ರಿಯವರು ಊಟಕ್ಕೆ ಹೋಗಿದ್ದರಿಂದ ಉಳಿದರು. ನಲವತ್ತು ಅಂಗಿಗಳು ಮೂರು ದಿನ ನೀಲಿ ನೀರಿನ ಮೇಲೆ ತೋಳು ಚಾಚಿಕೊಂಡು ತೇಲಿದವು. ಪ್ರವಾಸಿಗರು ಸಾಲು ನಿಂತು ಫೋಟೊ ಹೊಡೆದುಕೊಂಡರು.

ಬೀದಿಯವರಿಗೆ ಭಯ ಹತ್ತಿದ್ದು ಆಗಲೇ. ಗಾಜಿನ ಪಟ್ಟಿಗಳು ಬಂದದ್ದೂ ಆ ಭಯದಿಂದಲೇ. ಜೊತೆಗೆ ಇನ್ನೊಂದು ಹೊಸ ಆಟವೂ ಶುರುವಾಯಿತು. ಗುಂಡಿಯ ಅಂಚಿಗೆ ಪ್ರವಾಸಿಗರಿಗಾಗಿ ಕಟ್ಟಿದ್ದ ನೋಡುವ ಕಟ್ಟೆಯ ಮೇಲೆ ನಿಂತವರೆಲ್ಲ ಒಟ್ಟಿಗೆ ಕಾಲಪ್ಪಳಿಸಿದರೆ ಕೆಳಗಿನ ನೀರಿನಲ್ಲಿ ಬಳೆಬಳೆಯಾಗಿ ಅಲೆ ಏಳುತ್ತಿತ್ತು. 'ಗುಂಡಿ ಉತ್ತರ ಕೊಡುತ್ತೆ' ಎಂದು ಮಾರ್ಗದರ್ಶಿ ಗಂಟೆಗೊಮ್ಮೆ ಮೈಕಿನಲ್ಲಿ ಒಂದು ಎರಡು ಮೂರು ಎಣಿಸಿ ಜನರನ್ನು ಕುಣಿಸುತ್ತಿದ್ದ.

ಅದಕ್ಕೆ ಮುಂಚೆ ಏಳು ವರ್ಷ ಆ ಗುಂಡಿ ಯಾಕೆ ಉತ್ತರ ಕೊಟ್ಟಿರಲಿಲ್ಲ? ಕನ್ನಡಿಯಕ್ಕನ ತಲೆಯಲ್ಲಿ ಈ ಪ್ರಶ್ನೆ ಬೆಳಗಿನಿಂದ ನೊಣದಂತೆ ಸುತ್ತುತ್ತಿತ್ತು.

* * *

ಬಾಗಿಲು ತೆರೆದುಕೊಂಡು ದೊಡ್ಡಮ್ಮನ ಮಗಳು ಒಳಗೆ ಬಂದಳು. ಟಿಕೆಟ್ ಮನೆಯ ಮ್ಯಾನೇಜರ್ ಅವಳು. ಊಟಕ್ಕೆ ಮನೆಗೇ ಬರುತ್ತಿದ್ದಳು. ನೀಲಿ ಸಮವಸ್ತ್ರ, ನೀಲಿ ರಿಬ್ಬನ್ನು, ಉಗುರಿಗೂ ನೀಲಿ ಬಣ್ಣ. ಅಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಗುಂಡಿಯ ನೀರಿನ ಬಣ್ಣವನ್ನೇ ಉಗುರಿಗೆ ಹಚ್ಚಬೇಕೆಂದು ನಿಯಮವಿತ್ತು.

"ಏನಾದ್ರೂ ಗೊತ್ತಾಯ್ತಾ ಅಕ್ಕಾ?" ಎಂದಳು, ತಟ್ಟೆ ಎಳೆದುಕೊಳ್ಳುತ್ತ.

"ಗಾಜು ಒಡೆದಿದೆ ಅಂತ ಗೊತ್ತಾಯ್ತು."

ಮಗಳು ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. ನಾಲ್ಕು ದಿನದಿಂದ ಅವಳೂ ನಿದ್ದೆಗೆಟ್ಟಿದ್ದಳು.

"ಬೆರಳಿಗೇನಾಯ್ತು?"

ಅವಳು ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ಮಡಿಚಿಕೊಂಡಳು. "ಲೈಫ್ ಜಾಕೆಟ್ಟಿನ ಬಕಲು ಕೊಯ್ತು. ದಿನಾ ಇನ್ನೂರು ಜಾಕೆಟ್ಟು ಎಣಿಸಿ ಕೊಡೋದು, ಎಣಿಸಿ ಇಟ್ಕೊಳ್ಳೋದು. ಅಮ್ಮಾ, ಉಪ್ಪು ಕಮ್ಮಿ."

"ನಿನ್ನ ಕಣ್ಣಲ್ಲಿ ಬೇಕಾದಷ್ಟಿದೆ, ತಿನ್ನು," ಎಂದರು ದೊಡ್ಡಮ್ಮ. ಅನ್ನುತ್ತಲೇ ಉಪ್ಪಿನ ಬಟ್ಟಲನ್ನು ಅವಳ ಕಡೆಗೆ ಸರಿಸಿ, ಹಣೆಯ ಮೇಲಿನ ಕೂದಲನ್ನೂ ಹಿಂದಕ್ಕೆ ಸರಿಸಿದರು.

ಮಗಳು ಹತ್ತೇ ನಿಮಿಷದಲ್ಲಿ ತಿಂದು ಎದ್ದು ಹೋದಳು. ಚಪ್ಪಲಿಯ ಸದ್ದು ಬೀದಿಯಲ್ಲಿ ಕರಗುವವರೆಗೂ ಕನ್ನಡಿಯಕ್ಕ ಕಾದಳು. ಆಮೇಲೆ ಸ್ಟೂಲನ್ನು ಎಳೆದುಕೊಂಡು ದೊಡ್ಡಮ್ಮನ ಎದುರಿಗೆ ಕೂತಳು.

"ಈಗ ಹೇಳಿ ದೊಡ್ಡಮ್ಮ. ಬೆಳಗಿನಿಂದ ನೋಡ್ತಿದ್ದೀನಿ. ಒಂದು ಮಾತು ಗಂಟಲಿಗೆ ಬರುತ್ತೆ, ನುಂಗ್ತೀರಿ. ಬರುತ್ತೆ, ನುಂಗ್ತೀರಿ. ಏನದು?"

"ಏನಿಲ್ಲಮ್ಮ."

"ನಾಳೆ ಹತ್ತು ಗಂಟೆಗೆ ಮನೆ ಹೋಗುತ್ತೆ."

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಸರ್ಕಾರಿ ಬರಹ ಅಳಿಸಿದರೆ ಜೈಲಿಗೆ ಹಾಕ್ತಾರೇನೆ?"

ಕನ್ನಡಿಯಕ್ಕನಿಗೆ ನಗು ಬಂತು. ಅದುಮಿಕೊಂಡಳು. "ಯಾವ ಬರಹ?"

"ಗಾಜಿನ ಮೇಲಿಂದು. ಅಂಟಿಸಿದ ದಿನ ಪರೀಕ್ಷಕರು ನೀಲಿ ಪೆನ್ನಲ್ಲಿ ತಾರೀಖು ಬರೆದಿದ್ದರು, ಹನ್ನೆರಡು ಏಳು ಅಂತ. ನಾನು ಮರುದಿನ ಅಭ್ಯಾಸಬಲದಲ್ಲಿ ಒದ್ದೆಬಟ್ಟೆ ಹಾಕಿ ಒರೆಸಿಬಿಟ್ಟೆ. ತಿರುಗಿ ನೋಡ್ತೀನಿ, ಗಾಜು ಫಳಫಳ! ಅಕ್ಷರ ಇಲ್ಲ! ಎದೆ ಧಸಕ್ ಅಂತು."

"ಆಮೇಲೆ?"

"ಆಮೇಲೇನು, ನಾನೇ ಬರೆದೆ. ಮನೇಲಿ ನೀಲಿ ಪೆನ್ನಿರಲಿಲ್ಲ. ಇವಳ ಉಗುರಿನ ಬಣ್ಣ ಇತ್ತಲ್ಲ, ಅದೇ ನೀಲಿ. ಸಣ್ಣ ಕುಂಚದಲ್ಲಿ, ಉಸಿರು ಬಿಗಿಹಿಡಿದು ಬರೆದೆ. ಇವಳಿಗೂ ಹೇಳಿಲ್ಲ. ನೇಲ್ ಪಾಲಿಶ್ ಚೆಲ್ಲಿದೆಯಾ ಅಂತ ರೇಗ್ತಾಳೆ."

ಕನ್ನಡಿಯಕ್ಕ ಎದ್ದು ಗೋಡೆಯ ಹತ್ತಿರ ಹೋದಳು. ಬೆರಳನ್ನು ನೆಕ್ಕಿ, ಒಡೆದ ಗಾಜಿನ ಮೂಲೆಯಲ್ಲಿದ್ದ 12-7ರ ಒಂದು ಅಂಚಿಗೆ ಮೆಲ್ಲಗೆ ಒತ್ತಿದಳು. ಬೆರಳು ನೀಲಿಯಾಯಿತು.

ಪೆನ್ನಿನ ಶಾಯಿ. ಉಗುರಿನ ಬಣ್ಣವಲ್ಲ.

"ದೊಡ್ಡಮ್ಮ, ಇದು ನೀವು ಬರೆದದ್ದಾ?"

"ಅದೇ ಕಣೇ ನನ್ನ ಸಂಕಟ!" ದೊಡ್ಡಮ್ಮ ಗಾಜಿನ ಕಡೆಗೆ ಬೆರಳು ತೋರಿಸಿದರು. "ಸೋಮವಾರ ಮಾರ್ಕೆಟ್ಟಿಂದ ಬಂದು ನೋಡ್ತೀನಿ, ಗಾಜು ಒಡೆದಿದೆ. ಹತ್ತಿರ ಹೋದರೆ ನನ್ನ ಬರಹವೂ ಇಲ್ಲ. ನಾನು ಏಳಕ್ಕೆ ನಡುವೆ ಒಂದು ಅಡ್ಡಗೀಟು ಹಾಕ್ತೀನಿ, ಸ್ಕೂಲಿಂದ ಬಂದ ರೂಢಿ. ಇದರಲ್ಲಿ ಗೀಟಿಲ್ಲ. ನನಗೆ ತಲೆ ಕೆಟ್ಟಿದೆಯಾ, ಇಲ್ಲಾ ಅವರಿಗೇ ಗೊತ್ತಾಗಿ ಬೇರೆ ಅಂಟಿಸಿದ್ರಾ? ಯಾರನ್ನ ಕೇಳೋದು? ಕೇಳಿದರೆ ಮೊದಲು ನಾನು ಮಾಡಿದ್ದು ಹೇಳಬೇಕು."

ಕನ್ನಡಿಯಕ್ಕ ಅವರ ಎರಡೂ ಕೈ ಹಿಡಿದುಕೊಂಡಳು. ನೀರಿನಲ್ಲಿ ನೆನೆದು ನೆನೆದು ತುದಿ ಸುಕ್ಕಾದ ಬೆರಳುಗಳು.

"ನಿಮ್ಮ ತಲೆ ನೆಟ್ಟಗಿದೆ. ನಿಮ್ಮ ಗಾಜು ಒಡೆದೇ ಇಲ್ಲ. ಯಾರೋ ಅದನ್ನ ಬಿಡಿಸಿಕೊಂಡು ಹೋಗಿ, ಇನ್ನೆಲ್ಲೋ ಒಡೆದಿದ್ದನ್ನ ತಂದು ಇಲ್ಲಿ ಅಂಟಿಸಿದ್ದಾರೆ. ಸೋಮವಾರ ನೀವು ಎಷ್ಟು ಹೊತ್ತು ಹೊರಗಿದ್ರಿ?"

"ಒಂಬತ್ತರಿಂದ ಹನ್ನೊಂದು."

"ಮನೆ ಬೀಗದ ಕೈ ಯಾರ್‍ಯಾರ ಹತ್ತಿರ ಇದೆ?"

"ನನ್ನದೊಂದು, ಇವಳದೊಂದು. ಇನ್ನೊಂದು ಪಕ್ಕದ ಲಾಡ್ಜಿನ ಯಜಮಾನರ ಹತ್ತಿರ. ಪೈಪು ಒಡೆದಾಗ ಕೊಟ್ಟಿದ್ದೆ."

* * *

ಲಾಡ್ಜಿನ ಯಜಮಾನರು ಕಾಂಪೌಂಡಿನ ಆಚೆ ಕಾದೇ ನಿಂತಿದ್ದರು. ಕೈಯಲ್ಲಿ ಅಳತೆ ಪಟ್ಟಿ.

"ನಮಸ್ಕಾರ. ಏನು, ಗಾಜು ಮಾತಾಡ್ತಾ?"

"ಮಾತಾಡ್ತಿದೆ. ಇನ್ನೂ ಪೂರ್ತಿ ಹೇಳಿಲ್ಲ. ನೀವೇನು ಅಳೀತಿದ್ದೀರಿ?"

"ನನ್ನ ಕಾಂಪೌಂಡೇ ತಾಯಿ, ನನ್ನದೇ." ಪಟ್ಟಿ ಸರ್ರನೆ ಡಬ್ಬಿಯೊಳಗೆ ಹೋಯಿತು. "ದೊಡ್ಡಮ್ಮನಿಗೆ ನಾನು ಮೊದಲೇ ಹೇಳಿದ್ದೆ, ಕೊಟ್ಟುಬಿಡಿ ಅಂತ. ಆಗ ಕೇಳಲಿಲ್ಲ. ನಾಳೆ ಕೆಂಪು ಬಿದ್ದ ಮೇಲೆ ಯಾರೂ ಮೂಸಿ ನೋಡಲ್ಲ. ಆದರೂ ನಾನು ತಗೋತೀನಿ. ನೆರೆಹೊರೆ ನೋಡಿ."

"ಜಾರೋ ನೆಲ ತಗೊಂಡು ಏನು ಮಾಡ್ತೀರಿ?"

"ಹೂವಿನ ಗಿಡ ಹಾಕ್ತೀನಿ," ಎಂದು ಯಜಮಾನರು ಹಲ್ಲು ಬಿಟ್ಟರು.

"ದೊಡ್ಡಮ್ಮನ ಬೀಗದ ಕೈ ನಿಮ್ಮ ಹತ್ತಿರ ಇದೆಯಂತೆ?"

ಹಲ್ಲು ಒಳಗೆ ಹೋಯಿತು. "ಮೊಳೆಗೆ ನೇತಾಕಿದೆ. ಮೂರು ವರ್ಷದಿಂದ ಮುಟ್ಟಿಲ್ಲ. ಬಂದು ನೋಡಿ ಬೇಕಾದರೆ."

ಕನ್ನಡಿಯಕ್ಕ ಹೋಗಿ ನೋಡಿದಳು. ಕೈ ಮೊಳೆಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೇಲೆ ಜೇಡರ ಬಲೆ. ಜೇಡ ಮನೆಯಲ್ಲೇ ಇತ್ತು.

ಹಾಗಾದರೆ ಉಳಿದದ್ದು ಎರಡೇ ಕೈ. ಆ ಲೆಕ್ಕವನ್ನು ಅವಳು ಮನಸ್ಸಿನಲ್ಲೇ ಮಡಿಸಿ ಒಂದು ಪಕ್ಕಕ್ಕಿಟ್ಟಳು. ಅದನ್ನು ಬಿಚ್ಚಿ ನೋಡಲು ಅವಳಿಗೆ ಇಷ್ಟವಿರಲಿಲ್ಲ.

* * *

ನೆಲ ಪರೀಕ್ಷಕರ ಕಚೇರಿ ಟಿಕೆಟ್ ಮನೆಯ ಹಿಂಭಾಗದಲ್ಲಿ ಒಂದೇ ಕೋಣೆ. ಮೇಜಿನ ತುಂಬ ಕಲ್ಲಿನ ಚೂರುಗಳು, ಪ್ರತಿಯೊಂದಕ್ಕೂ ಒಂದು ಚೀಟಿ. ಪರೀಕ್ಷಕರು ಸಣ್ಣ ಮೈಯ, ಇಸ್ತ್ರಿ ಮಡಿಕೆ ಕೆಡದ ಮನುಷ್ಯ. ಒಡೆದ ಗಾಜಿನ ಫೋಟೊ ಮುಂದಿಟ್ಟ ಕೂಡಲೇ ಅವರ ಮುಖ ಗಂಟಿಕ್ಕಿತು.

"ಮೇಡಂ, ನಿಯಮ ಅಂದ್ರೆ ನಿಯಮ. ನನಗೂ ಬೇಜಾರಿದೆ. ಹೋದ ತಿಂಗಳವರೆಗೆ ಗಾಜು ಒಡೆದರೆ ಹಳದಿ ಗುರುತು ಅಷ್ಟೇ ಇತ್ತು, ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತಿದ್ವಿ. ಈಗ ನೇರ ಕೆಂಪು. ಸುತ್ತೋಲೆ ಬಂದು ಇಪ್ಪತ್ತು ದಿನ ಆಗಿಲ್ಲ. ಈ ಬೀದಿಯಲ್ಲಿ ಯಾರಿಗೂ ಇನ್ನೂ ಸರಿಯಾಗಿ ಗೊತ್ತೂ ಇಲ್ಲ."

"ನಿಯಮ ಬಿಡಿ ಸಾರ್. ಈ ತಾರೀಖು ಬರೆದದ್ದು ಯಾರು?"

"ನಾನು."

"ಖಂಡಿತ?"

"ನನ್ನ ಕೈಬರಹ ನನಗೆ ಗೊತ್ತಾಗಲ್ವಾ? ನೂರಕ್ಕೆ ನೂರು ನಂದೇ."

ಕನ್ನಡಿಯಕ್ಕ ಚೀಲದಿಂದ ಹೊಸ ಗಾಜಿನ ಪಟ್ಟಿಯೊಂದನ್ನು ತೆಗೆದಳು. "ಇದರ ಮೇಲೂ ಒಂದ್ಸಲ ಬರೀರಿ."

"ಏನ್ರೀ ಇದು, ನನ್ನ ಮೇಲೆ ಅನುಮಾನಾನಾ? ಹದಿನೆಂಟು ವರ್ಷದ ಸರ್ವೀಸು ನಂದು!" ಎನ್ನುತ್ತಲೇ ಅವರು ಪೆನ್ನು ಎತ್ತಿ ಗೀಚಿದರು. 12-7. ಏಳಕ್ಕೆ ಗೀಟಿಲ್ಲ. ಫೋಟೊದ ಪಕ್ಕ ಇಟ್ಟರೆ ಎರಡೂ ಒಂದೇ ಅಚ್ಚು. "ಸಾಕಾ? ನನ್ನದೇ ಬರಹ, ನನ್ನದೇ ಗಾಜು."

"ನಿಮ್ಮದೇ. ಅದಕ್ಕೇ ಅದು ದೊಡ್ಡಮ್ಮನ ಮನೆ ಗಾಜಲ್ಲ."

ಪರೀಕ್ಷಕರು ಪೆನ್ನು ಕೆಳಗಿಟ್ಟರು.

ಒದ್ದೆಬಟ್ಟೆ, ಉಗುರಿನ ಬಣ್ಣ, ಅಡ್ಡಗೀಟು, ಕನ್ನಡಿಯಕ್ಕ ಒಂದೊಂದಾಗಿ ಹೇಳಿದಳು. ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಬೀರುವಿನಿಂದ ಕಡತ ಎಳೆದರು. ಪ್ರತಿ ತಿಂಗಳೂ ಪ್ರತಿ ಗಾಜಿನ ಫೋಟೊ ತೆಗೆದು ಅಂಟಿಸಿದ್ದರು. ಆಗಸ್ಟ್, ದೊಡ್ಡಮ್ಮನ ಅಡುಗೆಮನೆ: ಏಳಕ್ಕೆ ಅಡ್ಡಗೀಟು. ಸೆಪ್ಟೆಂಬರ್: ಅಡ್ಡಗೀಟು. ಅಕ್ಟೋಬರ್, ಒಡೆದ ಗಾಜು: ಗೀಟಿಲ್ಲ.

"ಛೇ! ಮೂರು ತಿಂಗಳಿಂದ ಕಣ್ಣೆದುರಿಗೇ ಇದೆ."

"ನೋಡಿರಲಿಲ್ವಾ?"

"ಒಡೆದಿದೆಯಾ, ಒಡೆದಿಲ್ವಾ, ಅಷ್ಟೇ ಮೇಡಂ ನಾನು ನೋಡೋದು. ಅಕ್ಷರ ಯಾರು ನೋಡ್ತಾರೆ?"

"ಹಾಗಾದರೆ ದೊಡ್ಡಮ್ಮನ ಮನೆಗೆ ಕೆಂಪು ಗುರುತು ಇಲ್ಲ."

"ಇಲ್ಲ ಅಂತ ಬರೀತೀನಿ. ಈಗಲೇ ಬರೀತೀನಿ," ಎಂದರು ಪರೀಕ್ಷಕರು. ಆದರೆ ಪೆನ್ನು ಕಾಗದಕ್ಕೆ ಇಳಿಯಲಿಲ್ಲ. ಅವರ ಕಣ್ಣು ಮೇಜಿನ ಮೇಲಿನ ಒಡೆದ ಗಾಜಿನ ಫೋಟೊದಲ್ಲೇ ನಿಂತಿತ್ತು.

ಕನ್ನಡಿಯಕ್ಕನೇ ಕೇಳಿದಳು. "ಆ ದಿನ ಒಟ್ಟು ಎಷ್ಟು ಗಾಜು ಅಂಟಿಸಿದ್ರಿ ಸಾರ್?"

"ಐದು. ನಾಲ್ಕು ಈ ಬೀದಿ ಮನೆಗಳಲ್ಲಿ."

"ಐದನೇದು?"

"ನೋಡೋ ಕಟ್ಟೆಯ ಕೆಳಗೆ. ಲೈಫ್ ಜಾಕೆಟ್ ಇಡೋ ಉಗ್ರಾಣದ ಒಳಗೋಡೆ, ಬಂಡೆಯ ಮೇಲೆ." ಅವರ ಬೆರಳು ಕಡತದ ಹಾಳೆ ತಿರುವಿತು. "ಅದು ಚೆನ್ನಾಗಿದೆ ಮೇಡಂ. ಸೋಮವಾರ ಮಧ್ಯಾಹ್ನ ನಾನೇ ನೋಡಿದೀನಿ. ಒಂದು ಗೀರೂ ಇರಲಿಲ್ಲ. ನೋಡಿ, ಇಲ್ಲೇ ಇದೆ..."

ಇಬ್ಬರೂ ಫೋಟೊದ ಮೇಲೆ ಬಾಗಿದರು. ಬಂಡೆಯ ಬಿಳಿ ಹುಡಿ ಕೂತ ಗೋಡೆ. ಅದರ ಮೇಲೆ ಇಡಿಯಾದ ಗಾಜು. ಮೂಲೆಯಲ್ಲಿ ದಪ್ಪಗೆ, ಸ್ವಲ್ಪ ಉಬ್ಬಿದ ನೀಲಿಯಲ್ಲಿ, 12-7.

ಏಳರ ನಡುವೆ ಅಡ್ಡಗೀಟಿತ್ತು.

* * *

ಉಗ್ರಾಣಕ್ಕೆ ಟಿಕೆಟ್ ಮನೆಯ ಪಕ್ಕದಿಂದ ಅರವತ್ತೆರಡು ಮೆಟ್ಟಿಲು ಇಳಿಯಬೇಕು. ಪರೀಕ್ಷಕರು ತಮ್ಮ ಸೊಂಟದ ಗೊಂಚಲಿನಿಂದ ಬೀಗ ತೆಗೆದರು.

"ಇದಕ್ಕೆ ಎಷ್ಟು ಕೈ?"

"ಎರಡು. ನನ್ನದೊಂದು, ಟಿಕೆಟ್ ಮನೆದೊಂದು."

ಕನ್ನಡಿಯಕ್ಕ ಮಡಿಸಿಟ್ಟ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಒಳಗೆ ಕಿತ್ತಳೆ ಬಣ್ಣದ ಜಾಕೆಟ್ಟುಗಳು ಸಾಲುಸಾಲಾಗಿ ನೇತಾಡುತ್ತಿದ್ದವು. ತಲೆಯ ಮೇಲೆ ಕಟ್ಟೆಯ ಕಾಂಕ್ರೀಟು. ಅದರ ಮೇಲೆ ನೂರಾರು ಚಪ್ಪಲಿಗಳ ಗಿಜಿಗಿಜಿ ಸದ್ದು. ಯಾರೋ ಮಗುವನ್ನು ಗದರಿಸುತ್ತಿದ್ದರು, ಯಾರೋ ಫೋಟೊಗೆ ನಗಿ ಎನ್ನುತ್ತಿದ್ದರು. ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

ಪರೀಕ್ಷಕರು ಜಾಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿ ಟಾರ್ಚ್ ಹಿಡಿದರು.

ದೊಡ್ಡಮ್ಮನ ಗಾಜು ಅಲ್ಲಿತ್ತು. ಕನ್ನಡಿಯಕ್ಕ ಬೆರಳು ನೆಕ್ಕಿ ಒತ್ತಿದಳು. ನೀಲಿ ಹತ್ತಲಿಲ್ಲ. ಉಗುರಿನ ಬಣ್ಣವೇ. ಉಸಿರು ಬಿಗಿಹಿಡಿದು ಬರೆದ ನಡುಗುವ ಅಂಕೆಗಳು.

"ಸಾಕು ಮೇಡಂ," ಎಂದರು ಪರೀಕ್ಷಕರು. "ಮನೆ ಉಳೀತು."

ಅವಳು ಭೂತಗನ್ನಡಿ ಕಣ್ಣಿಗಿಟ್ಟುಕೊಂಡಳು. ಗಾಜಿನ ಕೆಳಮೂಲೆಯಲ್ಲಿ ರೆಪ್ಪೆಗೂದಲಿನಷ್ಟು ಸಣ್ಣ ಗೆರೆಯೊಂದು ಮೇಲಕ್ಕೆ ಹೊರಟಿತ್ತು. ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಎಳೆದಾಗ, ಸೀಳು ಓಡುವುದಕ್ಕೆ ಮೊದಲು ಹೀಗೇ ಕಾಣುತ್ತದೆ. ಗೆರೆಯ ಅಂಚು ಫಳಫಳ ಎನ್ನುತ್ತಿತ್ತು. ಒಂದು ಕಣ ಹುಡಿಯೂ ಇರಲಿಲ್ಲ.

"ಸಾರ್, ಇದು ಇವತ್ತಿನದು."

ಪರೀಕ್ಷಕರು ಜೇಬಿನಿಂದ ಪೆನ್ಸಿಲ್ ತೆಗೆದು, ಗಾಜಿನಿಂದ ಮೊಳ ಕೆಳಗೆ ಬಂಡೆಯ ಬಿರುಕಿಗೆ ಹಿಡಿದರು. ಪೆನ್ಸಿಲ್ ಒಳಗೆ ಹೋಯಿತು. ಇನ್ನೂ ಹೋಯಿತು. ಅರ್ಧ ಮುಳುಗಿತು.

"ಜುಲೈನಲ್ಲಿ ಇಲ್ಲಿ ಉಗುರು ತೂರುತ್ತಿರಲಿಲ್ಲ," ಎಂದರು ಅವರು. ದನಿ ಕಾಗದದಂತೆ ತೆಳ್ಳಗಾಗಿತ್ತು. "ಬಂಡೆ ಹಿಂಬದಿಯಿಂದ ಬಿಟ್ಟುಕೊಂಡಿದೆ. ಕಾಲಪ್ಪಳಿಸಿದಾಗ ಚೂರು ಉದುರ್ತಾ ಇದೆ. ನೀರಲ್ಲಿ ಬಳೆ ಏಳೋದು ಅದಕ್ಕೇ."

ಬೆಳಗಿನಿಂದ ಸುತ್ತುತ್ತಿದ್ದ ನೊಣ ಕೂತಿತು. ಗುಂಡಿ ಉತ್ತರ ಕೊಡುತ್ತಿತ್ತು, ನಿಜ. ಆ ಉತ್ತರವನ್ನು ಓದಿದವರು ಯಾರೂ ಇರಲಿಲ್ಲ.

"ಗಂಟೆ ಎಷ್ಟು?"

ಪರೀಕ್ಷಕರು ಗಡಿಯಾರ ನೋಡಿದರು. ನಾಲ್ಕಕ್ಕೆ ಮೂರು ನಿಮಿಷವಿತ್ತು. ಫೋನೆತ್ತಿದರು. ಬಂಡೆಯೊಳಗೆ ಸಿಗ್ನಲ್ ಇರಲಿಲ್ಲ. "ಕಟ್ಟೆ ಖಾಲಿ ಮಾಡಿಸೋ ಗಂಟೆ ಮೇಲಿದೆ. ಅದನ್ನ ಬಾರಿಸೋದು ಒಬ್ಬರೇ, ಮ್ಯಾನೇಜರ್."

"ನಾನೇ ಅಲ್ವಾ?"

ಬಾಗಿಲಲ್ಲಿ ದೊಡ್ಡಮ್ಮನ ಮಗಳು ನಿಂತಿದ್ದಳು. ತೋಳಿನ ಮೇಲೆ ಒದ್ದೆ ಜಾಕೆಟ್ಟುಗಳ ರಾಶಿ. ಅವರಿಬ್ಬರನ್ನೂ, ಟಾರ್ಚಿನ ಬೆಳಕು ಬಿದ್ದ ಗಾಜನ್ನೂ ನೋಡಿದಳು. ಜಾಕೆಟ್ಟುಗಳು ಒಂದೊಂದಾಗಿ ಕೆಳಗೆ ಜಾರಿದವು.

"ಅದು ಬಕಲು ಕೊಯ್ದ ಗಾಯ ಅಲ್ಲ," ಎಂದಳು ಕನ್ನಡಿಯಕ್ಕ ಮೆತ್ತಗೆ. "ನನ್ನ ಕೈಯಲ್ಲೂ ಅಂಥವು ಇಪ್ಪತ್ತಿವೆ. ಊಟದ ಹೊತ್ತಲ್ಲೇ ಗೊತ್ತಾಗಬೇಕಿತ್ತು ನನಗೆ."

"ಅಕ್ಕಾ, ನಲವತ್ತು ಜನರ ಕೆಲಸ ಇದರ ಮೇಲೆ ನಿಂತಿದೆ. ಕಟ್ಟೆ ಮುಚ್ಚಿದರೆ ಬೀದಿಗೆ ಬೀದಿಯೇ ಮುಚ್ಚುತ್ತೆ. ಸೀಸನ್ ಮುಗಿಯೋಕೆ ಒಂದೇ ವಾರ. ಮುಗಿದ ದಿನ ನಾನೇ ಸಾರ್‌ಗೆ ಹೇಳೋಳಿದ್ದೆ." ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಸಾರ್ ತಾರೀಖು ಬರೆದ ಗಾಜೇ ಬೇಕಿತ್ತು, ಅದಕ್ಕೇ ನಮ್ಮನೇದು ತಂದೆ. ನಮ್ಮನೆಗೆ ಹಳದಿ ಗುರುತು ಬೀಳುತ್ತೆ, ಅಷ್ಟೇ ಅಂದ್ಕೊಂಡಿದ್ದೆ. ಕೆಂಪು ಅಂತ ನನಗೆ ಗೊತ್ತಿರಲಿಲ್ಲ. ಅಮ್ಮನ ಆಣೆಗೂ ಗೊತ್ತಿರಲಿಲ್ಲ. ಗಾಜು ಯಾವುದು ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಇದು ಅಮ್ಮನ ಬರಹ. ನಿನ್ನ ನೇಲ್ ಪಾಲಿಶ್‌ನಲ್ಲಿ ಬರೆದಿದ್ದಾರೆ."

ಮಗಳು ಗಾಜಿನ ಹತ್ತಿರ ಬಂದಳು. ಅಡ್ಡಗೀಟಿನ ಏಳನ್ನು ನೋಡಿದಳು. ತನ್ನ ನೀಲಿ ಉಗುರುಗಳನ್ನು ನೋಡಿಕೊಂಡಳು. ಆಮೇಲೆ ಅರ್ಧ ಮುಳುಗಿದ ಪೆನ್ಸಿಲ್ ಕಣ್ಣಿಗೆ ಬಿತ್ತು.

"ಇಷ್ಟು... ಸೋಮವಾರ ಇಷ್ಟು ಇರಲಿಲ್ಲ ಅಕ್ಕಾ."

"ಗಂಟೆ ಬಾರಿಸು. ಓಡು!"

ಅವಳು ಓಡಿದಳು. ಅರವತ್ತೆರಡು ಮೆಟ್ಟಿಲು. ಚಪ್ಪಲಿಯೊಂದು ಎರಡನೆಯ ಮೆಟ್ಟಿಲಿನಲ್ಲೇ ಉಳಿಯಿತು. ಪರೀಕ್ಷಕರು ಏದುಸಿರು ಬಿಡುತ್ತ ಅವಳ ಹಿಂದೆಯೇ ಹೋದರು.

ಒಬ್ಬಳೇ ಉಳಿದ ಕನ್ನಡಿಯಕ್ಕ ಅಂಗೈಯನ್ನು ಬಂಡೆಗೆ ಒತ್ತಿ ನಿಂತಳು. ಮೇಲೆ ಗಿಜಿಗಿಜಿ ಸದ್ದು ಮೆಲ್ಲಗೆ ಅಡಗಿತು. ನೂರಾರು ಜನ ಒಟ್ಟಿಗೆ ಉಸಿರು ಹಿಡಿದಂಥ ಮೌನ. ಮೈಕು ಒಮ್ಮೆ ಕೊರ್ ಎಂದಿತು.

"ಎಲ್ಲರೂ ರೆಡೀನಾ? ಗುಂಡಿಗೆ ಕೇಳೋ ಹಾಗೆ, ಜೋರಾಗಿ!"

ಗಾಜಿನ ಮೂಲೆಯ ಗೆರೆ ಒಂದು ಬೆರಳಿನಷ್ಟು ಮೇಲಕ್ಕೆ ಓಡಿ, ದೊಡ್ಡಮ್ಮ ಬರೆದ ಏಳರ ಅಡ್ಡಗೀಟಿಗೆ ತಾಗಿ ನಿಂತಿತು.

"ಒಂದು..." ಎಂದ ಮಾರ್ಗದರ್ಶಿ.

ಗಂಟೆಯ ಸದ್ದು ಇನ್ನೂ ಬಂದಿರಲಿಲ್ಲ.

"ಎರಡು..."